ಒಂದೇ ಸಲ ಬಂದ ಪದ

ನರಗುಂದ
೧೫ ಜೂನ್ ೨೦೦೯

ಶ್ರೀಮತಿ ನಾಹೀದ ಅವರಿಗೆ ನಮಸ್ಕಾರಗಳು.

ಬೇಸಿಗೆಯಲ್ಲಿ ಧಾರವಾಡದಲ್ಲಿ ನಡೆದ ಭಾಷಾ ತರಬೇತಿಗೆ ನೀವು ಬರಲಿಲ್ಲವೆಂದು ಹಾಜರಿ ಪಟ್ಟಿಯಿಂದ ತಿಳಿಯಿತು. ಬರದೇ ಉಳಿದ ಶಿಕ್ಷಕರಿಗೆ ಅಲ್ಲಿ ಕಲಿಸಿದ್ದನ್ನು ಪತ್ರದ ಮೂಲಕ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ರೋಣ ತಾಲೂಕಿನ ಪಟ್ಟಿಯಲ್ಲಿ ಯರೇಕೊಪ್ಪ ಶಾಲೆಯ ಮುಂದೆ ನಿಮ್ಮ ಹೆಸರಿತ್ತು.

ಈ ಸಲದ ಹೊಸ ವಿಷಯ ‘ಪದಮೋಡ’. ಮಕ್ಕಳಿಗೆ ಒಂದು ವಿಷಯ ಕೊಡಬೇಕು. ಪ್ರತಿಯೊಬ್ಬರೂ ತಮಗೆ ಹೊಳೆದ ಒಂದು ಪದ ಹೇಳಬೇಕು. ಯಾವ ಪದ ಹೆಚ್ಚು ಸಲ ಬಂತೋ ಅದನ್ನು ಹಾಳೆಯ ನಡುವೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕಡಿಮೆ ಬಂದದ್ದು ಸಣ್ಣದಾಗಿ ಅದರ ಸುತ್ತ. ಒಂದೇ ಸಲ ಬಂದದ್ದು ಎಲ್ಲಕ್ಕಿಂತ ಸಣ್ಣದಾಗಿ ಅಂಚಿನಲ್ಲಿ. ಇಡೀ ಹಾಳೆ ಪದಗಳಿಂದ ಕಟ್ಟಿದ ಮೋಡವಾಗುತ್ತದೆ. ತರಗತಿಯ ಮನಸ್ಸಿನಲ್ಲಿ ಏನಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಅಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಇಂಗ್ಲಿಷ್ ಪದ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಮೋಡ ತಯಾರು. ಕನ್ನಡ ಪದ ಹಾಕಿದರೆ ಬರೀ ಖಾಲಿ ಚೌಕಗಳು ಬಂದವು. ಹೀಗಾಗಿ ನಾವು ಕೈಯಿಂದಲೇ ಮಾಡಬೇಕು. ಒಂದು ಮಾದರಿ ಜೊತೆಗಿಟ್ಟಿದ್ದೇನೆ.

ಇದು ಕಚೇರಿಯ ಪತ್ರ. ನಲವತ್ತೊಂದು ಜನಕ್ಕೆ ಇದನ್ನೇ ಕಳಿಸಿದ್ದೇನೆ. ಉಳಿದವರಿಗೆ ಝೆರಾಕ್ಸ್, ನಿನಗೆ ಮಾತ್ರ ಕೈಬರಹ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಇಂತಿ,
ರಾಜೇಶ್ವರಿ


ಅಬ್ಬಿಗೇರಿ
೫ ಜುಲೈ ೨೦೦೯

ರಾಜೇಶ್ವರಿ ಮೇಡಂ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಮೊದಲ ಸಾಲಿನಲ್ಲಿ ‘ಶ್ರೀಮತಿ’ ಆಗಿದ್ದವಳು ಕೊನೆಯ ಸಾಲಿಗೆ ಬರುವಷ್ಟರಲ್ಲಿ ‘ನೀನು’ ಆದೆ. ಇಷ್ಟು ಲಗೂ ಬಡ್ತಿ ನನಗೆ ಇಲಾಖೆಯಲ್ಲಿ ಯಾವತ್ತೂ ಸಿಕ್ಕಿಲ್ಲ.

ಉತ್ತರ ಬರೆಯಬಾರದೆಂದೇ ಇದ್ದೆ. ಡಿ.ಎಡ್. ಓದುವಾಗ ಎರಡು ವರ್ಷ ಒಂದೇ ಕೋಣೆಯಲ್ಲಿ ಉಂಡು ಮಲಗಿದವರು ನಾವು. ವರ್ಗಾವಣೆಯ ದಿನ ಗಜೇಂದ್ರಗಡದಲ್ಲಿ ಒಂದೇ ಜಾಗ ಖಾಲಿ ಇತ್ತು. ನನ್ನ ಅಮ್ಮಿ ಅಲ್ಲಿ ಹಾಸಿಗೆ ಹಿಡಿದಿದ್ದಾಳೆಂದು ನಿನಗೆ ಗೊತ್ತಿತ್ತು. ಸರದಿಯಲ್ಲಿ ನಿನ್ನ ನಂಬರು ನನಗಿಂತ ಎರಡು ಮುಂದಿತ್ತು. ಜಾಗ ನೀನು ತಗೊಂಡೆ. ವರ್ಷ ತುಂಬುವ ಮೊದಲೇ ಅದನ್ನು ಬಿಟ್ಟು ನರಗುಂದದ ಕಚೇರಿಗೆ ಹೋದೆ. ಅಷ್ಟರಲ್ಲಿ ಅಮ್ಮಿ ತೀರಿಕೊಂಡಿದ್ದಳು. ಅದನ್ನು ತಿಳಿಸಿ ನಾನು ಬರೆದ ಪತ್ರಕ್ಕೆ ನೀನು ಉತ್ತರ ಕೊಡಲಿಲ್ಲ. ಇದನ್ನು ಒಮ್ಮೆ ಬರೆದುಬಿಟ್ಟರೆ ಮುಂದಿನದನ್ನು ಸಿಟ್ಟಿಲ್ಲದೆ ಬರೆಯಬಹುದು ಅನಿಸಿತು, ಬರೆದೆ.

ಈಗ ನಿನ್ನ ಮೋಡದ ಸುದ್ದಿ. ನಾಲ್ಕನೇ ಇಯತ್ತೆಯಲ್ಲಿ ನನಗೆ ಮೂವತ್ತೆಂಟು ಮಕ್ಕಳು. ಕರಿ ಹಲಗೆಯ ಮುಂದೆ ನಿಂತು ‘ಊಟ’ ಎಂದೆ. ರೊಟ್ಟಿ ಎಲ್ಲಕ್ಕಿಂತ ದೊಡ್ಡದಾಗಿ ಬಂತು. ಅನ್ನ ಅದರ ಪಕ್ಕದಲ್ಲಿ ಮುದುರಿ ಕೂತಿತು. ಶಾಲೆಯ ಬಿಸಿಯೂಟದ ಸಾಂಬಾರು ಎಂದು ಇಬ್ಬರೇ ಹೇಳಿದರು. ಹೆಡ್ ಮಾಸ್ತರರ ಮುಖ ಸಣ್ಣದಾಯಿತು. ಖರೇ ಹೇಳುತ್ತೇನೆ, ರಾಜೇಶ್ವರಿ, ಆರು ವರ್ಷದ ನೌಕರಿಯಲ್ಲಿ ಇಷ್ಟು ಗದ್ದಲದ ಕನ್ನಡದ ತಾಸನ್ನು ನಾನು ಕಂಡಿರಲಿಲ್ಲ. ಈಗ ದಿನಾ ಬೆಳಿಗ್ಗೆ ಬಾಗಿಲಲ್ಲೇ ಹಿಡಿಯುತ್ತಾರೆ. “ಅಕ್ಕೋರ, ಇವತ್ತ ಮ್ವಾಡ ಮಾಡೋದಿಲ್ಲೇನ್ರಿ?”

ಹತ್ತಿ ತುಂಬಿ ಗಾದಿ ಮಾಡುವ ಖಾದರನ ಮಗಳು ಸಿಮ್ರಾನ ಅಂತ ಒಬ್ಬಳಿದ್ದಾಳೆ. ಕಳೆದ ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಈಗ ಕೈ ಎತ್ತುತ್ತಾಳೆ. ಆದರೆ ಯಾರೂ ಹೇಳದ ಪದವನ್ನೇ ಹುಡುಕಿ ಹೇಳುವುದು ಅವಳ ಚಟ. ಊಟ ಅಂದರೆ ‘ಹುಣಸಿ ಚಿಗುರು’ ಅಂದಳು. ಪ್ರಾಣಿ ಅಂದರೆ ‘ಹಲ್ಲಿ’. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಅವಳ ಪದ ಯಾವತ್ತೂ ಅಂಚಿನಲ್ಲೇ.

ಮಾದರಿ ಹಾಳೆಗೆ ಥ್ಯಾಂಕ್ಸ್.

ನಾಹೀದ


ನರಗುಂದ
೨೨ ಜುಲೈ ೨೦೦೯

ಪ್ರೀತಿಯ ನಾಹೀದ,

ನಿನ್ನ ಪತ್ರ ಓದಿ ಕುಣಿದಾಡಿದೆ. ನಲವತ್ತೊಂದು ಜನರಲ್ಲಿ ಉತ್ತರ ಬರೆದವರು ನಾಲ್ಕು ಮಂದಿ. ಅದರಲ್ಲಿ ಮೂವರು ‘ಪತ್ರ ತಲುಪಿದೆ’ ಎಂದು ಮಾತ್ರ ಬರೆದಿದ್ದಾರೆ. ಮಾಡಿ ನೋಡಿದವಳು ನೀನೊಬ್ಬಳೇ.

ಹಳೆಯ ಮಾತಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಆದರೆ ಅದು ಚಲೋ ಉತ್ತರ ಅಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಸೆಪ್ಟೆಂಬರ್ ಎರಡನೇ ವಾರ ಗದಗದಲ್ಲಿ ಕಲಿಕೋಪಕರಣಗಳ ಪ್ರದರ್ಶನ ಇದೆ. ಎಲ್ಲರೂ ಥರ್ಮೋಕೋಲಿನ ಜ್ವಾಲಾಮುಖಿ, ರಟ್ಟಿನ ಗಡಿಯಾರ ತರುತ್ತಾರೆ. ನಾವು ನಿನ್ನ ಮಕ್ಕಳ ಮೋಡ ಇಡೋಣ. ಊಟ, ಪ್ರಾಣಿ ಸಾಕು. ನೋಡುವವರು ನಿಂತು ನೋಡುವಂಥದ್ದು ಬೇಕು. ‘ಹೆದರಿಕೆ’ ಅಂತ ಕೊಟ್ಟು ನೋಡು. ಮಕ್ಕಳಿಗೆ ಯಾವುದರ ಅಂಜಿಕೆ ಎಂದು ದೊಡ್ಡವರು ಕೇಳುವುದೇ ಇಲ್ಲ. ಆಗಸ್ಟ್ ಹದಿನೈದರೊಳಗೆ ಹಾಳೆ ನನ್ನ ಕೈ ಸೇರಬೇಕು. ರೋಣದಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟರೂ ನಡೆಯುತ್ತದೆ, ನಾನು ನಿಲ್ದಾಣಕ್ಕೆ ಹೋಗಿ ತಗೋತೀನಿ.

ನಿನ್ನ,
ರಾಜಿ


ಅಬ್ಬಿಗೇರಿ
೧೦ ಆಗಸ್ಟ್ ೨೦೦೯

ರಾಜಿ,

ಹಾಳೆ ಸುತ್ತಿ ಕಳಿಸಿದ್ದೇನೆ. ನೀರು ತಾಗದಂತೆ ಮೇಲೆ ಗೊಬ್ಬರದ ಚೀಲ ಕಟ್ಟಿದ್ದೇನೆ, ವಾಸನೆ ಬಂದರೆ ಬೈಯಬೇಡ.

‘ಹಾವು’ ಹದಿನೇಳು. ಇದು ಬಿರುಕು ಬಿಡುವ ಯರಿ ಹೊಲದ ಊರು, ಆಶ್ಚರ್ಯವೇನಿಲ್ಲ. ‘ದೆವ್ವ’ ಎಂಟು. ‘ಹೆಡ್ ಮಾಸ್ತರ್’ ನಾಲ್ಕು. ಬಾಗಿಲ ಕಡೆ ಒಮ್ಮೆ ನೋಡಿ, ಬಿಡಬಾರದೆಂದು ಬರೆದೆ. ‘ಸೂಜಿ’ ಮೂರು. ಉಳಿದ ಆರು ಮಕ್ಕಳದು ಒಂದೊಂದೇ. ಸಿಮ್ರಾನ ಯಾವತ್ತಿನಂತೆ ಬೇರೆಯೇ ಹೇಳಿದಳು.

“ಗ್ವಾಡಿ” ಅಂದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. “ಗೋಡೆ ಏನು ಮಾಡುತ್ತದೆ, ಕಚ್ಚುತ್ತದೇನು?” ಎಂದು ಕೇಳಿದೆ. ಬೇರೆ ದಿನವಾದರೆ ಅವಳೂ ನಗುತ್ತಿದ್ದಳು. ಅವತ್ತು ನಗಲಿಲ್ಲ. ಕೂತುಬಿಟ್ಟಳು. ನಿಯಮದಂತೆ ಕೆಳಗಿನ ಬಲ ಮೂಲೆಯಲ್ಲಿ ಸಣ್ಣದಾಗಿ ಬರೆದೆ.

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೂತಿದೆ. ಯರೇಕೊಪ್ಪದಲ್ಲಿ ಎಲ್ಲರ ಮನೆಯೂ ಮಣ್ಣಿನದೇ. ಗೋಡೆ ಮಣ್ಣು, ಮೇಲಿನ ಮಾಳಿಗೆ ಮಣ್ಣು. ಸೋರಬಾರದೆಂದು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತಾರೆ. ಅದರಲ್ಲೇ ಹುಟ್ಟಿ ಬೆಳೆದ ಮಗು ಗೋಡೆಗೆ ಯಾಕೆ ಅಂಜಬೇಕು? ಅವಳನ್ನು ಕರೆದು ಕೇಳಲೇ? ನಿನಗೆ ಏನನಿಸುತ್ತದೆ?

ನಾಹೀದ


ನರಗುಂದ
೨೪ ಆಗಸ್ಟ್ ೨೦೦೯

ಪ್ರೀತಿಯ ನಾಹೀದ,

ಹಾಳೆ ಬಂತು, ಗೊಬ್ಬರದ ವಾಸನೆಯ ಸಮೇತ. ಬಹಳ ಚೆನ್ನಾಗಿದೆ. ಆದರೆ ಸ್ಕೆಚ್ ಪೆನ್ನಿನ ಬರಹ ಗದಗದ ದೊಡ್ಡ ಹಾಲಿನಲ್ಲಿ ಕಾಣುವುದಿಲ್ಲ. ಇಲ್ಲಿಯ ಡ್ರಾಯಿಂಗ್ ಮಾಸ್ತರ ಬೀರಲಿಂಗ ಅವರಿಂದ ದೊಡ್ಡ ರಟ್ಟಿನ ಮೇಲೆ ಬಣ್ಣದಲ್ಲಿ ಫೇರ್ ಮಾಡಿಸಿದೆ. ‘ಹಾವು’ ಹಸಿರು ಬಣ್ಣದಲ್ಲಿ ಒಂದು ಮೊಳ ಉದ್ದ ಬಂದಿದೆ. ಹೆಡ್ ಮಾಸ್ತರರನ್ನು ಮಾತ್ರ ಬಿಡಬೇಕಾಯಿತು, ಸಾಹೇಬರು ನೋಡುತ್ತಾರೆ. ಒಂದೊಂದೇ ಸಲ ಬಂದ ಆರು ಪದಗಳನ್ನೂ ಬಿಟ್ಟೆವು. ಅಂಚಿನಲ್ಲಿ ಇರುವೆ ಹರಿದ ಹಾಗೆ ಕಾಣುತ್ತಿದ್ದವು. ಕಂಪ್ಯೂಟರಿನಲ್ಲೂ ಹಾಗೆಯೇ, ಎರಡಕ್ಕಿಂತ ಕಡಿಮೆ ಬಂದದ್ದು ಬೇಡವೆಂದರೆ ತಾನೇ ತೆಗೆದುಹಾಕುತ್ತದೆ.

ಆ ಹುಡುಗಿಯ ವಿಷಯ ನೀನು ಕೇಳಿದ್ದೆ. ಬೇರೆಯವರಿಗಿಂತ ಬೇರೆ ಹೇಳಬೇಕೆಂಬ ಹಟ ಇರುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತವೆ. ಹಲ್ಲಿ ಹೇಳಿದವಳು ಗೋಡೆ ಹೇಳಿದಳು, ಅಷ್ಟೇ. ಒಂದೇ ಸಲ ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಹೆಚ್ಚು ಬಂದದ್ದನ್ನು ನೋಡುವುದಕ್ಕೇ ಅಲ್ಲವೇ ಈ ಪದ್ಧತಿ ಇರುವುದು?

ರೋಜಾ ಹೇಗೆ ನಡೆದಿವೆ? ಬಿಸಿಲಿನಲ್ಲಿ ಬಸ್ಸಿಗೆ ಓಡಬೇಡ.

ನಿನ್ನ,
ರಾಜಿ


ಅಬ್ಬಿಗೇರಿ
೨೪ ಸೆಪ್ಟೆಂಬರ್ ೨೦೦೯

ರಾಜಿ,

ಎರಡನೇ ಬಹುಮಾನದ ಸುದ್ದಿ ತಿಳಿದು ಶಾಲೆಯಲ್ಲಿ ಪೇಢೆ ಹಂಚಿದೆವು. ಹೆಡ್ ಮಾಸ್ತರರು ತಮ್ಮ ಹೆಸರು ಹಾಳೆಯಲ್ಲಿ ಹೇಗೆ ಬಂದಿತ್ತು ಎಂದು ತಿಳಿಯದೆ ಭಾಷಣ ಮಾಡಿದರು. ನಾಲ್ಕು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಿಕಿಸಿ ನಕ್ಕರು.

ಈದ್ ದಿನ ಶಾವಿಗೆಯ ಸುರಕುಂಬಾ ತಗೊಂಡು ಸಿಮ್ರಾನಳ ಮನೆಗೆ ಹೋಗಿದ್ದೆ. ಅವಳ ತಾಯಿ ಮಾಬೂಬಿ ಬಾಗಿಲಿಗೇ ಬಂದಳು. ಒಳಗೆ ಕಾಲಿಡಲು ಜಾಗವಿಲ್ಲ. ಇರುವುದೇ ಒಂದು ಕೋಣೆ, ಅದರ ತುಂಬ ಅರಳೆ. ರಂಜಾನ್ ಮುಗಿಯಿತಲ್ಲ, ಲಗ್ನದ ಗಾದಿಗಳಿಗೆ ಜನ ಅರಳೆ ತಂದು ಹಾಕಿದ್ದಾರೆ. “ಹೊರಗ ಕುಂಡ್ರಸ್ತೀನಂತ ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕೋರ” ಅಂದಳು. ಕಟ್ಟೆಯ ಮೇಲೆ ಕೂತು ಮಾತಾಡಿದೆವು. ಸಿಮ್ರಾನ ಹೊಸ ಚೂಡಿದಾರ್ ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ಗೋಡೆಯ ವಿಷಯ ಕೇಳಬೇಕೆಂದೇ ಹೋದವಳು ನಾನು. ಹಬ್ಬದ ದಿನ ಯಾಕೆ ಎಂದು ಸುಮ್ಮನಾದೆ. ನೀನು ಹೇಳಿದ್ದೇ ಸರಿಯಿರಬೇಕು.

ದಸರೆಯ ರಜೆಯಲ್ಲಿ ನರಗುಂದಕ್ಕೆ ಬರುತ್ತೇನೆ. ಒಂದು ದಿನ ಇಬ್ಬರೂ ಕೂತು ಜಗಳ ಆಡಿ ಮುಗಿಸೋಣ.

ನಿನ್ನ,
ನಾಹೀದ


ಅಬ್ಬಿಗೇರಿ
೧೧ ಅಕ್ಟೋಬರ್ ೨೦೦೯

ರಾಜಿ,

ಸಿಮ್ರಾನ ಇಲ್ಲ.

ಮಳೆಯ ಸುದ್ದಿ ನಿನಗೆ ಹೇಳಬೇಕಾಗಿಲ್ಲ, ನರಗುಂದದಲ್ಲೂ ಅದೇ ಬಿದ್ದಿದೆ. ಹೋದ ತಿಂಗಳ ಕೊನೆಯ ಮಂಗಳವಾರ ಹಿಡಿದದ್ದು ಬಿಡಲೇ ಇಲ್ಲ. ಬಸ್ಸು ಬಂದಾದವು. ನಾನು ಅಬ್ಬಿಗೇರಿಯ ಈ ಬಾಡಿಗೆ ಮನೆಯಲ್ಲಿ, ಆರ್‌ಸಿಸಿ ಛತ್ತಿನ ಕೆಳಗೆ ಬೆಚ್ಚಗೆ ಕೂತಿದ್ದೆ. ಯರೇಕೊಪ್ಪದಲ್ಲಿ ಮಾಳಿಗೆಗಳು ಸೋರತೊಡಗಿದವು. ಎಲ್ಲರೂ ಮಾಡುವುದನ್ನೇ ಖಾದರನೂ ಮಾಡಿದ. ಮಳೆಯಲ್ಲೇ ಮೇಲೆ ಹತ್ತಿ, ಸೋರುವ ಕಡೆ ಬುಟ್ಟಿ ಬುಟ್ಟಿ ಮಣ್ಣು ಹಾಕಿದ. ನೆನೆದ ಮಣ್ಣಿನ ಮೇಲೆ ಇನ್ನಷ್ಟು ಮಣ್ಣು. ಗುರುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಹಿಂದಿನ ಗೋಡೆ ಒಳಗೆ ಬಿತ್ತು, ಅದರ ಬೆನ್ನಿಗೆ ಮಾಳಿಗೆ. ತಾಯಿ ಒಣ ಕಟ್ಟಿಗೆ ಕೇಳಲು ಪಕ್ಕದ ಮನೆಗೆ ಹೋಗಿದ್ದಳು. ತಂದೆ ಮತ್ತೆ ಮಣ್ಣು ತುಂಬಿಕೊಳ್ಳಲು ಹೋಗಿದ್ದ. ಶಾಲೆಗೆ ರಜೆ ಎಂದು ಮಗು ಮಲಗೇ ಇತ್ತು. ಗೋಡೆಯ ಬದಿಗೇ ಮಲಗಿತ್ತು.

ನನಗೆ ಶನಿವಾರ ತಿಳಿಯಿತು. ಕೆಸರಿನಲ್ಲಿ ನಡೆದುಕೊಂಡು ಹೋದೆ. ಅಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ಅವಳು ಹೇಳಿದ್ದಳು, ರಾಜಿ. ಆಗಸ್ಟ್ ತಿಂಗಳಲ್ಲೇ, ಮೂವತ್ತೇಳು ಮಕ್ಕಳ ಮುಂದೆ ಎದ್ದು ನಿಂತು ಹೇಳಿದ್ದಳು. ಹಾವು ಅಂದ ಹದಿನೇಳು ಮಕ್ಕಳೂ ಚೆನ್ನಾಗಿದ್ದಾರೆ. ಮುಂದೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ನಾಹೀದ


ಅಬ್ಬಿಗೇರಿ
೧ ನವೆಂಬರ್ ೨೦೦೯

ರಾಜೇಶ್ವರಿ,

ಇಪ್ಪತ್ತು ದಿನವಾಯಿತು. ಮೂರು ವರ್ಷದ ಹಿಂದೆಯೂ ನೀನು ಹೀಗೇ ಸುಮ್ಮನಾಗಿದ್ದೆ. ಯಾರಾದರೂ ಸತ್ತರೆ ನಿನಗೆ ಪತ್ರ ಬರೆಯಲು ಬರುವುದಿಲ್ಲವೇನೋ.

ನಿನ್ನ ಆಗಸ್ಟ್ ಪತ್ರ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ನೀನು ಏನು ಬರೆದಿದ್ದೀಯೆಂದು ನೆನಪಿಸುವುದಿಲ್ಲ, ನಿನಗೆ ನೆನಪಿದೆ. ಅದಕ್ಕೇ ಬರೆಯುತ್ತಿಲ್ಲ. ಒಂದು ಮಾತು ತಿಳಿ: ನಾನು ನಿನ್ನನ್ನು ದೂರುತ್ತಿಲ್ಲ. ನೀನು ನರಗುಂದದಲ್ಲಿದ್ದೆ, ಅವಳ ಮುಖ ಕಂಡವಳಲ್ಲ. ಅವತ್ತು ಅವಳು ನಗಲಿಲ್ಲ ಎಂಬುದನ್ನು ಕಂಡವಳು ನಾನು. ಕರೆದು ಕೇಳಲು ಒಂದು ನಿಮಿಷ ಸಾಕಿತ್ತು. ಕೇಳಬೇಡ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ, ನೀನು ಹೇಳಿದೆ.

ಶಾಲೆ ತೆರೆದಿದೆ. ಎರಡು ಕೋಣೆಗಳಲ್ಲಿ ಮನೆ ಬಿದ್ದವರ ಸಂಸಾರಗಳಿವೆ. ಉಳಿದ ಮಕ್ಕಳನ್ನು ವರಾಂಡದಲ್ಲಿ ಕೂಡಿಸಿದ್ದೇನೆ. ಮೋಡ ಮಾಡೋಣವೇ ಎಂದು ಒಬ್ಬರೂ ಕೇಳುತ್ತಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ಬಂದರೆ ಬೆರಳಿನಿಂದ ಮುಚ್ಚಿ ಮುಂದಿನ ಹೆಸರು ಕರೆಯುತ್ತೇನೆ.

ಮಾಬೂಬಿಗೆ ಹೇಳಬೇಕೆಂದಿದ್ದೇನೆ. ನಿನ್ನ ಮಗಳು ನನಗೆ ಹೇಳಿದ್ದಳು, ನಾನು ನಕ್ಕೆ ಎಂದು.

ನಾಹೀದ


ನರಗುಂದ
೧೨ ನವೆಂಬರ್ ೨೦೦೯

ನಾಹೀದ,

ಐದು ಸಲ ಬರೆಯಲು ಕೂತೆ, ಐದು ಸಲವೂ ಹರಿದೆ. ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ನಿನ್ನ ಪತ್ರ ಬಂದ ದಿನ ಕಚೇರಿಯ ಗೋಡೆಯ ಮೇಲೆ ಆ ಬಣ್ಣದ ರಟ್ಟು ತೂಗುತ್ತಿತ್ತು. ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ಅವತ್ತೇ ಇಳಿಸಿ ಕಪಾಟಿನ ಹಿಂದೆ ಇಟ್ಟೆ. ಯಾಕೆ ತೆಗೆದಿರಿ ಎಂದು ಸಾಹೇಬರು ಕೇಳಿದರು. ಧೂಳು ಹಿಡಿಯುತ್ತದೆ ಎಂದೆ.

ಮಾಬೂಬಿಗೆ ಹೇಳಬೇಡ, ಕೈ ಮುಗಿಯುತ್ತೇನೆ. ಇದು ನನ್ನನ್ನು ಉಳಿಸಿಕೊಳ್ಳಲು ಹೇಳುತ್ತಿರುವುದಲ್ಲ. ಅಥವಾ ಅದೂ ಇರಬಹುದು, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಹೇಳಿದರೆ ಆ ತಾಯಿಗೆ ಏನು ಬಂತು? ಈಗ ಮಳೆ ಕೊಂದಿತು ಎಂದುಕೊಂಡಿದ್ದಾಳೆ. ಆಮೇಲೆ ಉಳಿಸಬಹುದಿತ್ತು ಎಂದು ತಿಳಿದು ಬದುಕಬೇಕಾಗುತ್ತದೆ. ನಿನ್ನ ಎದೆಯ ಭಾರ ಇಳಿಸಲು ಅವಳ ಮೇಲೆ ಹಾಕಬೇಡ.

ರಾಜಿ


ಅಬ್ಬಿಗೇರಿ
೨೯ ನವೆಂಬರ್ ೨೦೦೯

ರಾಜಿ,

ಹೇಳಿದೆ.

ಶಾಲೆಯ ಹಿಂದಿನ ಬಯಲಿನಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಟ್ಟಿದ್ದಾರೆ. ಮೂರನೆಯದು ಅವರದು. ಖಾದರ ಇರಲಿಲ್ಲ. ಈಗ ಅವನು ಗಾದಿಯ ಕೆಲಸ ಮುಟ್ಟುವುದಿಲ್ಲವಂತೆ, ಯಾರ್ಯಾರದೋ ಹೊಲಕ್ಕೆ ಹೋಗುತ್ತಾನೆ. ಮಾಬೂಬಿ ಜೋಳ ಹಸನು ಮಾಡುತ್ತಿದ್ದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಹೆದರಿಕೆ ಎಂದು ಕೇಳಿದ್ದು, ಅವಳು ಎದ್ದು ನಿಂತದ್ದು, ಎಲ್ಲರೂ ನಕ್ಕದ್ದು, ನಾನು ಮೂಲೆಯಲ್ಲಿ ಬರೆದದ್ದು. ಬೈಯಲಿ, ಮೊರ ಎತ್ತಿ ಹೊಡೆಯಲಿ ಎಂದು ಕಾದೆ.

ಅವಳು ಮೊರವನ್ನು ಕೆಳಗಿಟ್ಟಳು.

“ನನಗ ದಿನಾ ಹೇಳ್ತಿದ್ಲ್ರಿ ಅಕ್ಕೋರ” ಅಂದಳು. “ಯವ್ವಾ, ಗ್ವಾಡಿ ಮುಂದ ಬರಾಕತ್ತೈತಿ ಅಂತಿದ್ಲು. ಗ್ವಾಡಿ ಎಲ್ಲಿ ನಡಕೋಂತ ಬರತೈತಿ, ಸುಮ್ನ ಮಕ್ಕೋ ಅಂತ ನಾನು ಬೈತಿದ್ದೆ. ಅವರಪ್ಪಗೂ ಹೇಳಿದ್ಲು. ಮಳಿ ಮುಗೀಲಿ, ಮಣ್ಣ ಮೆತ್ತಿ ಗಿಲಾವ್ ಮಾಡೂಣು ಅಂದ್ರು.”

 ಕೆಳಗಿಟ್ಟ ಮೊರದಿಂದ ಒಂದು ಹರಳು ಆರಿಸಿ ಎಸೆದು ಅವಳೇ ಮುಂದುವರಿಸಿದಳು.

“ಮಾಳಿಗಿ ಎಲ್ಲಾ ಕಡೆ ಸೋರತಿತ್ರಿ. ನಡುವ ಒಂದೀಟ ಒಣಾ ಜಾಗ ಇತ್ತು. ದಿನಾ ಅಕಿ ಅಲ್ಲೇ ಮಕ್ಕೋತಿದ್ಲು. ಮಂದಿ ಅರಳಿ ಐತಲ್ರಿ ಮನ್ಯಾಗ, ಲಗ್ನದ ಗಾದೀದು, ತೊಯ್ದ್ರ ಏನಂತ ಹೇಳಬೇಕು? ಅರಳಿ ಅಲ್ಲಿ ಇಟ್ವಿ. ಅಕಿನ್ನ ಗ್ವಾಡಿ ಕಡೆ ಸರಿಸಿದ್ವಿ. ನಾ ಒಲ್ಲೆ ಅಂತ ಅತ್ಲು. ನಾನೇ ಕೈ ಹಿಡದು ಎಳದು ಮಲಗಿಸಿದ್ನಿ ರೀ.”

ಇದನ್ನು ಹೇಳುವಾಗ ಅವಳು ಅಳಲಿಲ್ಲ. ನಾನು ಅತ್ತೆ. ಅವಳೇ ನನ್ನ ಬೆನ್ನ ಮೇಲೆ ಕೈಯಿಟ್ಟಳು, ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

ಎದ್ದು ಬರುವಾಗ ಕೇಳಿದಳು. “ಅಕಿ ಹೇಳಿದ್ದು ಬರದೀರಲ್ರಿ, ಆ ಹಾಳಿ ಐತೇನ್ರಿ? ನನಗ ಓದಾಕ ಬರಾಂಗಿಲ್ಲ. ಸುಮ್ನ ನೋಡ್ತೀನಿ. ಪಾಟಿ, ಪುಸ್ತಕ, ಅಂಗಿ ಎಲ್ಲಾ ಮಣ್ಣಾಗ ಹೋದುವು.”

ನಾನು ಕಳಿಸಿದ ಮೊದಲಿನ ಹಾಳೆ ಬೇಕು, ರಾಜಿ. ಫೇರ್ ಮಾಡಿದ್ದಲ್ಲ. ಕೆಳಗಿನ ಬಲ ಮೂಲೆಯಲ್ಲಿ ಅವಳ ಪದ ಇರುವುದು. ಬೇಗ ಕಳಿಸು.

ನಾಹೀದ


ನರಗುಂದ
೯ ಡಿಸೆಂಬರ್ ೨೦೦೯

ನಾಹೀದ,

ಪತ್ರ ಕೈಗೆ ಬಂದ ದಿನವೇ ಬೀರಲಿಂಗ ಮಾಸ್ತರರ ಮನೆಗೆ ಹೋದೆ. ಫೇರ್ ಆದ ಮೇಲೆ ಹಳೆಯ ಹಾಳೆಗೆ ಏನು ಕೆಲಸ ಎಂದು ಅದರ ಮೇಲೆಯೇ ಕುಂಚ ಒರೆಸಿದ್ದರಂತೆ. ಆಮೇಲೆ ಮನೆಯಲ್ಲಿ ಅದರಿಂದಲೇ ಒಲೆ ಹೊತ್ತಿಸಿದರು. ಅವರು ಪಾಪ ಹಲ್ಲು ಕಿರಿಯುತ್ತಲೇ ಹೇಳಿದರು. “ಮತ್ತ ಬೇಕಾಕ್ಕೈತಿ ಅಂತ ಗೊತ್ತಿರಲಿಲ್ರಿ ಟೀಚರ, ಬೇಕಂದ್ರ ಇನ್ನೊಂದು ಬಣ್ಣದ್ದು ಮಾಡಿಕೊಡ್ತೀನಿ” ಅಂದರು. 

ಹೀಗಾಗಿ ಉಳಿದಿರುವುದು ರಟ್ಟೊಂದೇ. ಅದನ್ನು ಕಳಿಸುತ್ತಿದ್ದೇನೆ. ಅದರಲ್ಲಿ ಅವಳ ಪದ ಇಲ್ಲ. ಕೆಳಗಿನ ಮೂಲೆಯಲ್ಲಿ ನಾನೇ ಸಣ್ಣದಾಗಿ ಬರೆದು ಕಳಿಸಲೇ ಎಂದು ಪೆನ್ನು ಹಿಡಿದು ಕೂತೆ. ಬೇಡವೆಂದು ಬಿಟ್ಟವಳು ನಾನು, ಈಗ ಬರೆಯಲು ಧೈರ್ಯ ಬರಲಿಲ್ಲ. ನೀನು ಬರೆ. ನಿನ್ನ ಅಕ್ಷರವೇ ಅಲ್ಲವೇ ಮೊದಲೂ ಇದ್ದದ್ದು?

ಹಳೆಯ ಮಾತಿಗೆ ಉತ್ತರ ಇದೆ ಎಂದಿದ್ದೆ. ಅವತ್ತು ಆ ಜಾಗ ತಗೊಂಡಾಗ ನಿನ್ನ ಅಮ್ಮಿಯ ಸ್ಥಿತಿ ನನಗೆ ಗೊತ್ತಿತ್ತು. ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ತಾಪತ್ರಯ ಇದ್ದೇ ಇದೆ, ಇವಳೊಬ್ಬಳದು ಏನು ದೊಡ್ಡದು ಎಂದುಕೊಂಡೆ. ಅಷ್ಟೇ ಉತ್ತರ. ಇದಕ್ಕಿಂತ ಚೆಂದದ ಕಾರಣ ನನ್ನ ಹತ್ತಿರ ಇಲ್ಲ.

ರಾಜಿ


ಅಬ್ಬಿಗೇರಿ
೨೭ ಡಿಸೆಂಬರ್ ೨೦೦೯

ರಾಜಿ,

ರಟ್ಟು ಹದಿನಾರಕ್ಕೆ ಬಂತು. ನೇರ ಶಾಲೆಗೆ ಒಯ್ದೆ. ಶಾಲೆ ಬಿಟ್ಟ ಮೇಲೆ ಮೂಲೆಯಲ್ಲಿ ಅವಳ ಪದ ಬರೆದು, ನಾನೇ ಶೆಡ್ಡಿಗೆ ಒಯ್ದು ತೋರಿಸಬೇಕೆಂದಿದ್ದೆ. ಕಪ್ಪು ಸ್ಕೆ‌ಚ್ ಪೆನ್ನು ಅದೇ ಇತ್ತು. ಮುಚ್ಚಳ ತೆಗೆದು ಬಹಳ ಹೊತ್ತು ಕೂತೆ. ಎಷ್ಟು ದೊಡ್ಡದಾಗಿ ಬರೆಯಬೇಕು ಎಂಬಲ್ಲೇ ನಿಂತುಬಿಟ್ಟೆ. ಮೊದಲಿನಷ್ಟೇ ಸಣ್ಣದಾಗಿ ಬರೆಯಲು ಮನಸ್ಸು ಒಪ್ಪಲಿಲ್ಲ. ದೊಡ್ಡದಾಗಿ ಬರೆದರೆ ಸುಳ್ಳಾಗುತ್ತಿತ್ತು.

ಅಷ್ಟರಲ್ಲಿ ಮಾಬೂಬಿ ಬಾಗಿಲಲ್ಲಿ ನಿಂತಿದ್ದಳು. ರಟ್ಟು ತಗೊಂಡು ಬಸ್ಸಿನಿಂದ ಇಳಿದದ್ದನ್ನು ಬೆಳಿಗ್ಗೆಯೇ ಯಾರೋ ಅವಳಿಗೆ ಹೇಳಿದ್ದಾರೆ. ಸಂಜೆಯ ತನಕ ಕಾದಿದ್ದಾಳೆ, ಪಾಠದ ನಡುವೆ ಬರಬಾರದೆಂದು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ನಾನು ಏಳುವಷ್ಟರಲ್ಲಿ ಮೇಜಿನ ಎದುರು ಬಂದು ನಿಂತಿದ್ದಳು.

ರಟ್ಟನ್ನು ನೋಡಿದಳು. ಬೀರಲಿಂಗ ಮಾಸ್ತರರ ಬಣ್ಣ ಇನ್ನೂ ಹೊಸತರಂತೆ ಹೊಳೆಯುತ್ತಿತ್ತು. ಅವಳು ಮೂಲೆ ಹುಡುಕಲಿಲ್ಲ. ನಾನು ಮೂಲೆಯಲ್ಲಿ ಬರೆದೆ ಎಂದು ಹೇಳಿದ್ದು ಅವಳ ತಲೆಯಲ್ಲಿ ಉಳಿದೇ ಇಲ್ಲ. ನಡುವೆ ಹಸಿರು ಬಣ್ಣದಲ್ಲಿ ಒಂದು ಮೊಳ ಉದ್ದ ಇರುವ ‘ಹಾವು’ ಮೇಲೆ ಬೆರಳಿಟ್ಟಳು. ಅಕ್ಷರದ ಅಂಚನ್ನು ಹಿಡಿದು ಬೆರಳು ಪೂರ್ತಿ ಆಡಿಸಿದಳು.

“ಅಕಿ ಹೇಳಿದ್ದು ಇದೇ ಏನ್ರಿ?” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಅಂದಳು. “ಎಲ್ಲಾರಕಿಂತ ದೊಡ್ಡದು ಬರದೀರಿ. ಮನ್ಯಾಗ ಯಾರೂ ಕಿವ್ಯಾಗ ಹಾಕೊಳ್ಳಲಿಲ್ಲ. ನೀವಾದ್ರೂ ಕೇಳಿದ್ರಿ.”

ನಾನು ಹೌದು ಎಂದೆ.

ರಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಈಗ ಅದು ಶೆಡ್ಡಿನಲ್ಲಿ, ಅವಳು ಮಲಗುವ ಕಡೆ ಇದೆ. ಮಕ್ಕಳಿಗೆ ಓದಲು ಬರುತ್ತದೆ, ಆ ಶೆಡ್ಡಿನ ಒಳಗೆ ಹೋಗಬೇಡಿರೆಂದು ನನ್ನ ತರಗತಿಗೆ ಹೇಳಿದ್ದೇನೆ. ಯಾಕೆಂದು ಅವರು ಕೇಳಲಿಲ್ಲ.

ನಾಹೀದ